ತಪ್ಪು ಟೀಚರ್

ಶಾಲೆಯಲ್ಲಿ ಎಲ್ಲರೂ ಅವರನ್ನು ತಪ್ಪು ಟೀಚರ್ ಎಂದೇ ಕರೆಯುತ್ತಿದ್ದರು. ರಸಾಯನಶಾಸ್ತ್ರ ಕಲಿಸುವವರಿಗೆ ಇದೆಂಥ ಬಿರುದು ಎಂದು ಹೊಸಬರು ಹುಬ್ಬೇರಿಸಬಹುದು. ಅವರಿಗಂತೂ ಅದು ಭಾರೀ ಹೆಮ್ಮೆ. ಪ್ರತಿ ಪಾಠದಲ್ಲೂ ಬೇಕೆಂದೇ ಒಂದು ತಪ್ಪು ಹೇಳುವುದು, "ಸರೀನಾ ಮಕ್ಕಳೇ?" ಎಂದು ಕೇಳಿ ಏನೂ ಅರಿಯದವರ ಹಾಗೆ ಸುಮ್ಮನೆ ನಿಲ್ಲುವುದು ಅವರ ಕ್ರಮ. ಆ ಮೌನದಲ್ಲಿ ಮಕ್ಕಳ ತಲೆ ಓಡುತ್ತಿತ್ತು. ಕೊನೆಗೆ ಯಾವುದಾದರೊಂದು ಬೆಂಚಿನಿಂದ "ಅಲ್ಲ ಟೀಚರ್" ಎಂಬ ಮಾತು ಬಂದೇ ಬರುತ್ತಿತ್ತು. ಹಾಗೆ ತಪ್ಪು ಹಿಡಿದ ಮಗುವಿನ ಕೈಗೆ ಚಾಕ್‌ಪೀಸ್ ಕೊಟ್ಟು, ತಾವು ಹೋಗಿ ಅದರ ಜಾಗದಲ್ಲಿ ಕೂರುತ್ತಿದ್ದರು.

ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುವ ಮಗುವನ್ನು ಲ್ಯಾಬಿನೊಳಗೆ ಬಿಡಬಾರದು ಎಂಬುದು ಅವರ ಹಟ. ಅದಕ್ಕೆ ಕಾರಣ ಅವರ ಮಣಿಕಟ್ಟಿನ ಮೇಲೆಯೇ ಇತ್ತು, ಅಂಗಿಗುಂಡಿಯಷ್ಟಗಲದ ಸುಟ್ಟ ಕಲೆ. ನೀರಿಗೆ ಆಸಿಡ್ಡನ್ನು ಹನಿಹನಿಯಾಗಿ ಹಾಕಬೇಕು. ಕಾಲೇಜಿನಲ್ಲಿ ಪಕ್ಕದ ಗೆಳತಿ ಯಾರೋ ಹೇಳಿದ್ದನ್ನು ನಂಬಿ ಆಸಿಡ್ಡಿಗೇ ನೀರು ಸುರಿದಳು. ಅದು ಕುದಿದು ಸಿಡಿಯಿತು. ಇವರಿಗೆ ಕಲೆ ಉಳಿಯಿತು, ಗೆಳತಿಯ ಒಂದು ಕಣ್ಣೇ ಹೋಯಿತು.

ಮೊಬೈಲು, ಪರದೆ ಎಂದರೆ ಮೂಗು ಮುರಿಯುವ ಪೈಕಿ ಅವರಲ್ಲ. ಅಣುಗಳು ಒಂದಕ್ಕೊಂದು ಕೂಡಿಕೊಳ್ಳುವ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತಂದು ತೋರಿಸತೊಡಗಿದ ಮೇಲೆ ಹಿಂದಿನ ಬೆಂಚಿನವರೂ ಆಕಳಿಸುವುದನ್ನು ಬಿಟ್ಟಿದ್ದರು. ಹಾಗಾಗಿ ಅವರ ಪಾಠಗಳನ್ನು ರೆಕಾರ್ಡ್ ಮಾಡಿ, ರಸಾಯನಶಾಸ್ತ್ರಕ್ಕೆ ಟೀಚರೇ ಇಲ್ಲದ ಬೇರೆ ಶಾಲೆಗಳಿಗೂ ಕೊಡೋಣ ಎಂದು ಹೆಡ್‌ಮಾಸ್ತರರು ಹೇಳಿದಾಗ ಅವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಸ್ ಓಡಿಸುವ ಗಂಡ ಊಟಕ್ಕೆ ಕೂತು ಕಾಲೆಳೆದರು. "ನಿನ್ನ ಬೈಗುಳಾನೂ ಒಂದಷ್ಟು ರೆಕಾರ್ಡ್ ಮಾಡಿಟ್ಬಿಡು. ನೀನು ತವರಿಗೆ ಹೋದಾಗ ಹಾಕ್ಕೊಂಡು ಕೇಳ್ತೀನಿ."

"ಅದಕ್ಕೆ ನಿಮ್ಮ ಮೊಬೈಲಲ್ಲಿ ಜಾಗ ಸಾಲಲ್ಲ," ಎಂದರು ಟೀಚರ್.

ಮೊದಲು ರೆಕಾರ್ಡ್ ಮಾಡಿದ್ದು ಆಸಿಡ್ ತೆಳು ಮಾಡುವ ಪಾಠ. ಕ್ಯಾಮೆರಾ ಮುಂದೆಯೂ ಅವರು ತಮ್ಮ ಕ್ರಮ ಬಿಡಲಿಲ್ಲ. ತಪ್ಪು ಹೇಳಿದರು, "ಸರೀನಾ ಮಕ್ಕಳೇ?" ಎಂದರು, ನಗುಮುಖದಲ್ಲಿ ಸುಮ್ಮನೆ ನಿಂತರು, ಆಮೇಲೆ ಸರಿಯಾದದ್ದನ್ನು ಹೇಳಿದರು. ಖಾಲಿ ಕೋಣೆಯಲ್ಲಿ ಯಾರೂ ಉತ್ತರಿಸದ ಆ ಮೌನ ಯಾಕೋ ಅವರಿಗೆ ಹಿಡಿಸಲಿಲ್ಲ. ಹೊಸದರಲ್ಲಿ ಹೀಗೇ ಎಂದು ಸಮಾಧಾನ ಮಾಡಿಕೊಂಡರು.

ಪ್ರಾಕ್ಟಿಕಲ್ ಹತ್ತಿರ ಬಂದಾಗ ತರಗತಿಯಲ್ಲೂ ಅದೇ ಪಾಠ ಬಂತು. "ಆಸಿಡ್ ತೆಳು ಮಾಡೋಕೆ ಅದರೊಳಗೆ ನಿಧಾನವಾಗಿ ನೀರು ಹಾಕ್ಬೇಕು. ಸರೀನಾ ಮಕ್ಕಳೇ?" ಎಂದು ಕಾದರು. ಫ್ಯಾನಿನ ಗರಗರ ಬಿಟ್ಟರೆ ಪೆನ್ನುಗಳ ಸರಸರ. ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

"ಯಾಕ್ರೋ, ಯಾರಿಗೂ ಏನೂ ಅನ್ನಿಸ್ಲಿಲ್ವಾ?"

ಯಾವಾಗಲೂ ಎಲ್ಲರಿಗಿಂತ ಮೊದಲು ತಪ್ಪು ಹಿಡಿಯುತ್ತಿದ್ದ ಮುಂದಿನ ಬೆಂಚಿನ ಹುಡುಗಿ ಎದ್ದಳು. "ವಿಡಿಯೋದಲ್ಲೂ ನೀವು ಹಾಗೇ ಹೇಳಿದ್ರಲ್ಲ ಟೀಚರ್. ನಿನ್ನೆ ಮನೇಲಿ ನೋಡ್ದೆ."

ಟೀಚರ್ ಚಾಕ್‌ಪೀಸ್ ಕೆಳಗಿಟ್ಟರು. ಸರಿಯಾದದ್ದನ್ನು ಮಕ್ಕಳ ಬಾಯಲ್ಲೇ ಹೇಳಿಸಿ, ಕಂಪ್ಯೂಟರ್ ಕೋಣೆಗೆ ಓಡಿದರು. ಹೊಸದಾಗಿ ಸೇರಿದ್ದ ಆಪರೇಟರ್ ವಿಡಿಯೋ ಹಾಕಿ ತೋರಿಸಿದ. ಅವರು "ಸರೀನಾ ಮಕ್ಕಳೇ?" ಎಂದು ನಕ್ಕಲ್ಲಿಗೆ ಪರದೆ ಕಪ್ಪಾಯಿತು.

"ಮಿಕ್ಕಿದ್ದು ಎಲ್ಲಪ್ಪಾ?"

"ನೀವು ಸುಮ್ಮನಾದ್ರಲ್ಲ ಅಕ್ಕಾ, ಪಾಠ ಮುಗೀತು ಅಂದ್ಕೊಂಡು ಅಲ್ಲಿಗೇ ಕತ್ತರಿಸ್ದೆ."

ಅವನು ಅವರ ತರಗತಿಯಲ್ಲಿ ಎಂದೂ ಕೂತವನಲ್ಲ. ಬೈದು ಏನು ಪ್ರಯೋಜನ?

"ಈಗಲೇ ತೆಗಿ ಅದನ್ನ."

"ತೆಗೀತೀನಿ. ಆದ್ರೆ ಶಾಲೆಗಳೋರು ಆಗ್ಲೇ ಇಳಿಸ್ಕೊಂಡಿದ್ದಾರೆ. ಈ ವಾರ ಎಲ್ಲಾ ಕಡೆ ಪ್ರಾಕ್ಟಿಕಲ್ ಅಲ್ವಾ ಅಕ್ಕಾ."

ಹೆಡ್‌ಮಾಸ್ತರರ ಕೋಣೆಯ ಫೋನು ಹಿಡಿದು ಅವರು ಒಂದೊಂದೇ ಶಾಲೆಗೆ ಹೇಳುತ್ತಾ ಹೋದರು. ಕೆಲವರು ಗಾಬರಿಯಿಂದ ಹೂಂಗುಟ್ಟಿದರು. ಒಬ್ಬರು "ಅದನ್ನ ಹೇಳಿದ್ದು ನೀವೇ ಅಲ್ವಾ ಮೇಡಂ?" ಎಂದು ನಕ್ಕರು. ಟೀಚರ್ ಮತ್ತೊಮ್ಮೆ ಬಿಡಿಸಿ ಹೇಳಿ ಮುಂದಿನ ನಂಬರು ಒತ್ತಿದರು. ಕೊನೆಯ ಶಾಲೆಯಲ್ಲಿ ಫೋನು ರಿಂಗಾಗುತ್ತಲೇ ಇತ್ತು. ಅಂತೂ ಗುಮಾಸ್ತರೊಬ್ಬರು ಎತ್ತಿದರು.

"ಲ್ಯಾಬ್ ನಿಲ್ಲಿಸಿ ಸಾರ್. ಮಕ್ಕಳು ಆಸಿಡ್ ಮುಟ್ಟಬಾರದು ಅಂತ ಹೇಳಿ."

"ಏನು? ಸ್ವಲ್ಪ ಜೋರಾಗಿ ಹೇಳಿ. ಪಕ್ಕದಲ್ಲೇ ಲ್ಯಾಬು, ಯಾರೋ ಟೀಚರಮ್ಮನ ವಿಡಿಯೋ ಹಾಕಿದ್ದಾರೆ. ಅವರ ದನಿಯಲ್ಲಿ ನಿಮ್ಮ ಮಾತು ಕೇಳಿಸ್ತಿಲ್ಲ."

ಆಗ ಅದು ಅವರಿಗೂ ಕೇಳಿಸಿತು. ಅವರದೇ ದನಿ. ಒಂಚೂರೂ ಅವಸರವಿಲ್ಲದೆ, ಅಕ್ಕರೆಯಿಂದ ಹೇಳುತ್ತಿತ್ತು: "ನಿಧಾನವಾಗಿ ನೀರು ಹಾಕ್ಬೇಕು. ಸರೀನಾ ಮಕ್ಕಳೇ?"

"ಅಲ್ಲ," ಎಂದು ಟೀಚರ್ ಫೋನಿನೊಳಗೆ ಅರಚಿದರು. "ಅಲ್ಲ, ಅಲ್ಲ." ಇಷ್ಟು ವರ್ಷ ಮಕ್ಕಳ ಬಾಯಿಂದ ಕೇಳಲು ಕಾಯುತ್ತಿದ್ದ ಮಾತನ್ನು ಈಗ ಅವರೊಬ್ಬರೇ ಹೇಳುತ್ತಿದ್ದರು.

"ಸರಿ ಟೀಚರ್," ಎಂದರು ಆ ಕಡೆಯ ಮಕ್ಕಳು, ಎಲ್ಲರೂ ಒಟ್ಟಿಗೆ.

ಗುಮಾಸ್ತರು ಹಲೋ ಹಲೋ ಎನ್ನುತ್ತಲೇ ಇದ್ದರು. ಅವರ ಹಿಂದಿನಿಂದ ಗಾಜಿಗೆ ಗಾಜು ತಾಗುವ ಸದ್ದು ಬಂತು. ಆಮೇಲೆ ಲ್ಯಾಬಿನಲ್ಲಿ ಸ್ಟೂಲೊಂದು ಉರುಳಿ ಬಿದ್ದ ಸದ್ದು.