ಕಾಲಿಲ್ಲದವಳಿಗೆ ಬರೆದ ಕಾಲು

ತೊಂಬತ್ತರ ದಶಕದ ಶುರುವಿನಲ್ಲಿ ಅಪ್ಪ ಮೆಟ್ಟೂರಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಹೊಸ ಪಂಪು ಕೂರಿಸಲು ಜಪಾನಿನಿಂದ ಬಂದಿದ್ದ ಇಂಜಿನಿಯರಿಗೆ ಎರಡು ತಿಂಗಳು ಸ್ಪ್ಯಾನರ್ ಎತ್ತಿಕೊಟ್ಟ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ, ಅದಕ್ಕೇ ಅವರಲ್ಲಿ ಜಗಳವೂ ಆಗಲಿಲ್ಲ ಅಂತ ಕಾಣುತ್ತದೆ. ಹೊರಡುವ ದಿನ ಆತ ಅಪ್ಪನ ಕೈಯಲ್ಲಿ ಹಳೇ ವರ್ಷದ ಕ್ಯಾಲೆಂಡರ್ ಒಂದನ್ನಿಟ್ಟು ನಡು ಬಗ್ಗಿಸಿ ನಮಸ್ಕಾರ ಮಾಡಿದನಂತೆ. ಅಪ್ಪ ಅದನ್ನು ಬಸ್ಸಿನ ನೂಕಾಟದಲ್ಲಿ ತಲೆಗಿಂತ ಮೇಲೆ ಹಿಡಿದು ಮನೆಗೆ ತಂದ.

ಹಾಳೆಗೊಂದು ಚಿತ್ರ. ಕತ್ತಿ ಹಿರಿದ ವೀರರು, ಹಾವು, ಅಲೆ, ದೆವ್ವಗಳು. ಮರದ ಹಲಗೆಯಲ್ಲಿ ಕೆತ್ತಿ, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಒತ್ತಿ ಮಾಡಿದ ಚಿತ್ರಗಳಂತೆ ಅವು. ಇಂಜಿನಿಯರು ಅದನ್ನು ಸನ್ನೆಯಲ್ಲೇ ತಿಳಿಸಿದ್ದ. ಅಜ್ಜಿಗೆ ಇದೇನೂ ಹೊಸದಲ್ಲ.

"ಕಣದಾಗೆ ರಾಗಿ ರಾಶಿಗೆ ಬೂದಿ ಮುದ್ರೆ ಒತ್ತೋ ಅಲಗೆ ಐತಲ್ಲ, ಅಂಗೇನಾ? ಅದ್ಕೆ ಜಪಾನ್ವರ್ಗೂ ಯಾಕ್ ಓಗ್ಬೇಕು?"

ಅಜ್ಜಿ ಕಾರಿಮಂಗಲದ ಹತ್ತಿರದ ಹಳ್ಳಿಯವಳು. ಅವರ ಹೊಲದ ಬದುವಿನಲ್ಲಿ ಕತ್ತಿ ಹಿಡಿದ ಗಂಡಸಿನ ವೀರಗಲ್ಲು ನಿಂತಿದೆ. ಆ ಕಡೆಯವರೆಲ್ಲ ಅವನನ್ನು ವೇಡಿಯಪ್ಪ ಎಂದು ಪೂಜಿಸುತ್ತಾರೆ. ಮೊದಲ ಹಾಳೆಯ ವೀರನನ್ನು ಕಂಡದ್ದೇ ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. "ನಮ್ ವೇಡಿಯಪ್ಪನೇ ಕಣ್ಲಾ ಇವ್ನು! ಕಣ್ ನೋಡು, ನಿಜಮಾ ಅವ್ನೇ." ಅಪ್ಪ ನಕ್ಕರೂ ಬಿಡಲಿಲ್ಲ. ಆ ಹಾಳೆಗೆ ಗಾಜು ಹಾಕಿಸಿ ದೇವರ ಗೂಡಿನಲ್ಲಿಟ್ಟು ವಿಭೂತಿ ಬಳಿದಳು. ಜಪಾನಿನ ಆ ಮಹಾಶೂರ ನಮ್ಮ ಮನೆಯಲ್ಲಿ ಶುಕ್ರವಾರ ಶುಕ್ರವಾರ ಕಡಲೆ ಬೆಲ್ಲ ತಿಂದುಕೊಂಡು ಹಾಯಾಗಿದ್ದ.

ಇನ್ನೊಂದು ಹಾಳೆಯಲ್ಲಿ ಒಬ್ಬ ಹೆಂಗಸಿದ್ದಳು. ಜೋಲು ರೆಂಬೆಯ ಮರದ ಕೆಳಗೆ ಬಿಳಿ ಬಟ್ಟೆ ಉಟ್ಟು, ಸೊಂಟದವರೆಗೆ ಕೂದಲು ಬಿಟ್ಟುಕೊಂಡು ಮುಖ ಅತ್ತ ತಿರುಗಿಸಿ ನಿಂತಿದ್ದಳು. ಸೊಂಟದಿಂದ ಕೆಳಗೆ ಬಟ್ಟೆ ಹೊಗೆಯ ಹಾಗೆ ಕರಗಿ ಹೋಗಿತ್ತು, ಕಾಲೇ ಇರಲಿಲ್ಲ. ಇಂಜಿನಿಯರು ಎರಡೂ ಮುಂಗೈ ಎದೆಯ ಮುಂದೆ ಜೋತುಬಿಟ್ಟು ತೋರಿಸಿದ್ದನ್ನು ಅಪ್ಪ ಮಾಡಿ ತೋರಿಸಿದ. ಅದು ದೆವ್ವ ಎಂದು ಅಜ್ಜಿಗೆ ಅರ್ಥವಾಯಿತು. "ಪೇಯ್! ಮನೇಲಿ ಯಾರಾದ್ರೂ ಪೇಯ್ ಇಕ್ಕಂತಾರಾ? ಕಾಲಿಲ್ದೋಳು ಎಲ್ಗೂ ಓಗಾಕಿಲ್ಲ, ಎಲ್ಗೂ ಬರಾಕಿಲ್ಲ," ಎಂದು ಅದನ್ನು ಟ್ರಂಕಿನ ತಳಕ್ಕೆ ತಳ್ಳಿದಳು.

ನನಗಾಗ ಒಂಬತ್ತು ವರ್ಷ. ನಾನು ಎರಡು ವರ್ಷದವಳಿದ್ದಾಗ ಅಮ್ಮ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಮದುವೆಗೆ ಬರಬೇಕಿದ್ದ ಫೋಟೋದವನು ಬಸ್ಸು ತಪ್ಪಿಸಿಕೊಂಡಿದ್ದ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಪ್ಪ ಅಮ್ಮನ ಮಾತೇ ಎತ್ತುತ್ತಿರಲಿಲ್ಲ. ಅಜ್ಜಿಯನ್ನು ಕೇಳಿದರೆ ಒಂದೇ ಉತ್ತರ: "ತಲೆಗೆ ನೀರಾಕ್ಕಂಡು ಬೇವಿನ ಮರದ ಕೆಳ್ಗೆ ನಿಂತ್ರೆ ಕೂದ್ಲು ಸೊಂಟದ್ ತನ್ಕ ಬರಾದು." ಅಷ್ಟು ಸಾಕಾಗಿತ್ತು ನನಗೆ. ಮರದ ಕೆಳಗೆ ಕೂದಲು ಬಿಟ್ಟುಕೊಂಡು ನಿಂತವಳು ನಮ್ಮ ಟ್ರಂಕಿನಲ್ಲೇ ಇದ್ದಳು.

ಮನೆಯಲ್ಲಿ ಯಾರೂ ಇಲ್ಲದಾಗ ಅವಳನ್ನು ತೆಗೆದು ನೋಡುತ್ತಿದ್ದೆ. ಈ ಕಡೆ ತಿರುಗು ಎಂದು ಬೇಡಿಕೊಳ್ಳುತ್ತಿದ್ದೆ. ತಿರುಗಲಿಲ್ಲ.

ಮುತ್ತೈದೆಯಾಗಿ ಸತ್ತವಳನ್ನು ನಮ್ಮ ಕಡೆ ಮನೆದೇವರ ಜೊತೆ ಕರೆಯುವ ಪದ್ಧತಿಯಿದೆ. ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಕಲಶಕ್ಕೆ ಹೊಸ ಸೀರೆ ಉಡಿಸಿ, ಹೂ ಮುಡಿಸಿ, "ಬಾರಮ್ಮ" ಎಂದು ಹೆಸರು ಹಿಡಿದು ಕರೆಯುತ್ತಾರೆ. ಅಜ್ಜಿ ವರ್ಷವೂ ಹೀಗೆ ಅಮ್ಮನನ್ನು ಕರೆಯುತ್ತಿದ್ದಳು. ಅವಳು ಬಂದದ್ದು ನನಗೆ ಮಾತ್ರ ಯಾವತ್ತೂ ಗೊತ್ತಾಗಿರಲಿಲ್ಲ. ಆ ವರ್ಷ ಕಾರಣ ಹೊಳೆಯಿತು. ಕಾಲಿಲ್ಲದೆ ಪಾಪ ಹೇಗೆ ಬರುತ್ತಾಳೆ?

ಬಲಗಾಲನ್ನು ಕಲ್ಲಿನ ಮೇಲಿಟ್ಟು, ಅದನ್ನೇ ನೋಡಿ ನೋಡಿ, ನೀಲಿ ಬಾಲ್‌ಪೆನ್ನಿನಲ್ಲಿ ಅವಳಿಗೆ ಎರಡು ಕಾಲು ಬರೆದೆ. ಕಾಲುಂಗುರ ತೊಡಿಸಿದೆ. ಹಬ್ಬದ ದಿನ ಬೆಳಿಗ್ಗೆ ಹಾಳೆಯನ್ನು ಕಲಶದ ಸೀರೆಯ ನೆರಿಗೆಯೊಳಗೆ ಬಚ್ಚಿಟ್ಟೆ.

ಅಜ್ಜಿ ಆರತಿ ಎತ್ತುವಾಗ ಅದು ಜಾರಿ ನೆಲಕ್ಕೆ ಬಿತ್ತು. ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ ಪಾವಿ! ದೇವ್ರಾದೋಳ್ನ ಪೇಯ್ ಮಾಡ್ಬಿಟ್ಟಲ್ಲೇ!" ಎಂದು ಕೈಯೆತ್ತಿದಳು.

"ಕಾಲಿಲ್ದೆ ಅಮ್ಮ ಎಂಗ್ ಬತ್ತಾಳೆ?" ಎಂದು ನಾನೂ ಕಿರುಚಿದೆ.

ಎತ್ತಿದ ಕೈ ಹಾಗೇ ನಿಂತಿತು. ಅಪ್ಪ ಹಾಳೆಯನ್ನು ಎತ್ತಿಕೊಂಡ. ಹರಿದು ಹಾಕುತ್ತಾನೆ ಅಂದುಕೊಂಡೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ.

"ಯಾರ್ ಕಾಲ್ ನೋಡ್ಕಂಡು ಬರ್ದೆ?"

"ನಂದು."

ಅಪ್ಪ ನನ್ನ ಪಾದ ನೋಡಿದ. ಹಾಳೆ ನೋಡಿದ. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟ. "ಎರಡ್ನೇ ಬೆರಳು ಎಬ್ಬೆಟ್ಟಿಗಿಂತ ಉದ್ದ," ಎಂದ. "ಕಿರುಬೆರಳು ಒಳಗ್ ಮಡಿಸ್ಕಂಡೈತೆ. ಅವಳ್ದೂ ಇಂಗೇ ಇತ್ತು." ಅಮ್ಮನ ಬಗ್ಗೆ ಅವನು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ಅಂಥ ಗಟ್ಟಿ ಮನುಷ್ಯ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಆ ಹಾಳೆ ಮುಂದೆ ಯಾವಾಗಲೋ ಕಳೆದುಹೋಯಿತು. ವೀರ ಮಾತ್ರ ಇವತ್ತೂ ಗೂಡಿನಲ್ಲಿದ್ದಾನೆ, ವಿಭೂತಿ ಕುಡಿದು ಕುಡಿದು ಮೂಗು ಕಾಣುವುದಿಲ್ಲ. ಅಮ್ಮನ ಮುಖ ಹೇಗಿತ್ತೆಂದು ತಿಳಿಯುವ ಆಸೆ ನನಗೆ ಈ ವಯಸ್ಸಿನಲ್ಲೂ ತೀರಿಲ್ಲ, ತೀರುವುದೂ ಇಲ್ಲ.

ಆ ದಿನ ಅಜ್ಜಿ ನನ್ನನ್ನು ಹೊಡೆಯಲಿಲ್ಲ. ಕಲಶದ ಮುಂದಿದ್ದ ಅರಿಶಿನದ ಬಟ್ಟಲನ್ನು ಎತ್ತಿಕೊಂಡು ಬಂದು ನನ್ನನ್ನು ಕೂರಿಸಿ ಎದುರಿಗೆ ಕಾಲು ಮಡಚಿ ಕೂತಳು. ನನ್ನ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಬೆರಳು ಬೆರಳಿಗೂ ಅರಿಶಿನ ಹಚ್ಚಿದಳು. "ಬಂದ್ಯಾ ತಾಯಿ," ಎಂದಳು.