ಪೂಜೆಗೆ ತೊಳೆದ ರೇಸ್ ಕಾರು

ವಿದ್ಯಾರಣ್ಯಪುರಂ ಮೈದಾನದಲ್ಲಿ ರೇಸಿಗೆ ನಿಂತ ನನ್ನ ಮೊಮ್ಮಗಳು ಕವನ, ಎಂಜಿನ್ ಶುರು ಮಾಡುವ ದಾರ ಎಳೆದೆಳೆದು ಸೋತಳು. ಅವಳ ರಿಮೋಟ್ ಕಾರು ಶುರುವಾಗಲೇ ಇಲ್ಲ. ಸುಮ್ಮನೆ ಓಡಿಸಲು ಬ್ಯಾಟರಿಯದು ಸಾಕು, ರೇಸಿಗೆ ಇಂಧನ ಹಾಕಿ ಓಡಿಸುವ ನೈಟ್ರೊ ಎಂಜಿನ್ನೇ ಬೇಕೆಂದು ಹಟ ಹಿಡಿದು ಆರಿಸಿಕೊಂಡಿದ್ದ ಕಾರು ಅದು. ಹಿಂದಿನ ದಿನ ಆಯುಧಪೂಜೆ. ಮನೆಯ ಸ್ಕೂಟರಿನ ಜೊತೆ ಅದಕ್ಕೂ ಚೊಂಬುಗಟ್ಟಲೆ ನೀರು ಸುರಿದು ತೊಳೆದು, ಕುಂಕುಮ ಇಟ್ಟವಳು ನಾನು.

“ಎಂಜಿನ್ನೊಳಗೆಲ್ಲ ನೀರು ಕಣೇ. ಯಾರೇ ಇದಕ್ಕೆ ಸ್ನಾನ ಮಾಡ್ಸಿದ್ದು?” ಎಂದು ಕಾರು ಬಿಚ್ಚಿ ನೋಡಿದ ಅವಳ ಗೆಳತಿ ನಕ್ಕಳು.

ಕವನ ಒಮ್ಮೆ ನನ್ನತ್ತ ನೋಡಿದಳು. “ನಾನೇ ಕಣೇ, ಗೊತ್ತಾಗ್ದೆ ತೊಳೆದ್ಬುಟ್ಟೆ.”

ಅಷ್ಟು ಜನರ ಮುಂದೆ ನಾನು ಸೆರಗು ಹಿಡಿದು ತಲೆ ತಗ್ಗಿಸಿ ನಿಂತುಬಿಟ್ಟೆ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಅಂದು ಮೈದಾನದಲ್ಲಿದ್ದ ಮಕ್ಕಳೇ. ಕಾರು ತೊಳೆದದ್ದು ಕವನ ಅಲ್ಲ, ಅವಳ ಅಜ್ಜಿ.