ರವಿಯಣ್ಣನ ಕಾಮೆಂಟರಿ ಇದ್ದ ಡಿಸ್ಕು

ರವಿಯಣ್ಣ, ಆ ಡಿಸ್ಕು ನೀನು ಕೊಟ್ಟ ಚೀಲದಲ್ಲೇ ಇತ್ತು. ಇರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅದರಲ್ಲಿ ನಿನ್ನ ದನಿಯೂ ಇತ್ತು — ನಾನು ಕಿವಿಯಾರೆ ಕೇಳಿದ್ದೇನೆ. ಅದನ್ನು ಹಾಳು ಮಾಡಿದವಳೂ ನಾನೇ.

ಹೇಳಿಬಿಟ್ಟೆ! ಮೂರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು — ಛೇ, ನಿನ್ನ ಮುಂದೆ ಗಂಟಲಿನ ಮಾತು ಎತ್ತುತ್ತಿದ್ದೇನೆ ನೋಡು, ಈ ನಿನ್ನ ತಂಗಿ ಸುಮಿಯ ಬಾಯಿಗೆ ಲಗಾಮು ಎಂಬುದೇ ಇಲ್ಲ. ಆದರೂ ಇವತ್ತು ಪೂರ್ತಿ ಹೇಳಿಯೇ ತೀರುತ್ತೇನೆ.

ದೊಡ್ಡಪ್ಪನ ಮನೆಯ ಮುಂದಿನ ಕೋಣೆಯಲ್ಲಿ ನೀನು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ ಕಾಲ! ಕಾಡುಗೋಡಿಯ ಅರ್ಧ ಹುಡುಗರು ಅಲ್ಲೇ ಬಿದ್ದಿರುತ್ತಿದ್ದರು; ಅವರ ನಡುವೆ ಸ್ಕೂಲ್ ಯೂನಿಫಾರ್ಮಿನಲ್ಲಿ ನಾನೊಬ್ಬಳೇ ಹುಡುಗಿ. ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು ನಡೆದರೆ ಮೈಕು ನಿನ್ನ ಕೈಯಲ್ಲಿ. ಆಮೇಲೆ ನಿನ್ನನ್ನು ಹಿಡಿಯುವವರೇ ಇರಲಿಲ್ಲ. ಆಟಕ್ಕಿಂತ ನಿನ್ನ ಕಾಮೆಂಟರಿ ಕೇಳುವುದಕ್ಕೇ ಜನ ಸೇರುತ್ತಿದ್ದರು. ಆ ಹುಚ್ಚಿನಲ್ಲೇ ಅಲ್ಲವೆ, ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬನನ್ನು ಹಿಡಿದು, ಕಾರ್ ರೇಸಿನ ಆಟದಲ್ಲಿದ್ದ ಇಂಗ್ಲಿಷ್ ಹಾಡುಗಳನ್ನೆಲ್ಲ ಕಿತ್ತುಹಾಕಿಸಿ, ಆ ಜಾಗಕ್ಕೆ ನಿನ್ನ ಕಾಮೆಂಟರಿ ತುಂಬಿಸಿ, ಹೊಸ ಡಿಸ್ಕು ಬರೆಸಿದ್ದು! ರೇಸು ಶುರುವಾದರೆ ಸಾಕು, ಟಿವಿಯೊಳಗಿಂದ ನಿನ್ನ ಕೂಗು. ನಾವು ನಕ್ಕು ನಕ್ಕು ಕಾರನ್ನು ಗೋಡೆಗೆ ಗುದ್ದುತ್ತಿದ್ದೆವು.

ಆಮೇಲೆ ಅಂಗಡಿ ಮುಚ್ಚಿತು. ನಿನ್ನ ಗಂಟಲಿಗೆ ಆ ಕಾಯಿಲೆ ಬಂತು. ಆಪರೇಷನ್ನಿನಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು, ಜೀವ ಉಳಿಯಿತು. ಪವಿತ್ರಾ ಅತ್ತಿಗೆ ನಿನ್ನನ್ನು ಒಪ್ಪಿ ಬಂದದ್ದು ಅದಾದ ಮೇಲೆ. ನಿನ್ನ ತುಟಿ ನೋಡಿಯೇ ಅವರಿಗೆ ಎಲ್ಲ ಅರ್ಥವಾಗುತ್ತದೆ, ಆಗದಿದ್ದರೆ ನೀನು ಮೊಬೈಲಿನಲ್ಲಿ ಬರೆದು ತೋರಿಸುತ್ತೀ. ಆದರೆ ನಿನ್ನ ದನಿಯನ್ನು ಅವರು ಒಮ್ಮೆಯೂ ಕೇಳಿದವರಲ್ಲ. ಗೆಳೆಯನ ಆ ಹಳೇ ಕಂಪ್ಯೂಟರ್ ಗುಜರಿ ಸೇರಿಯಾಗಿತ್ತು. ದನಿ ಉಳಿದದ್ದು ಆ ಒಂದು ಡಿಸ್ಕಿನಲ್ಲಿ ಮಾತ್ರ.

ನಾನು ಅಂಗೈಯಗಲದ ಗೇಮ್ ಮೆಷೀನ್ ಕೊಂಡು ತಂದು ಕುಣಿದಾಡಿದ್ದು ನೆನಪಿದೆಯಲ್ಲ? ಹಳೆಯ ಡಿಸ್ಕುಗಳ ಆಟವನ್ನು ಕಂಪ್ಯೂಟರಿಗೆ ಇಳಿಸಿ, ಒಂದೊಂದನ್ನೂ ಒಂದೊಂದು ಫೈಲಾಗಿ ಬದಲಾಯಿಸಿ, ಉಗುರಗಲದ ಕಾರ್ಡಿಗೆ ಹಾಕಿದರೆ ಅದರಲ್ಲಿ ಆಡಬಹುದು ಎಂದೆ. ನೀನು ಒಳಗೆ ಹೋಗಿ ಡಿಸ್ಕುಗಳ ಬಟ್ಟೆ ಚೀಲವನ್ನೇ ತಂದು ನನ್ನ ಮಡಿಲಿಗೆ ಸುರಿದೆ. ಮೊಬೈಲಿನಲ್ಲಿ ಬರೆದು ತೋರಿಸಿದೆ: “ರೇಸ್ ಮರೀಬೇಡ ಕಣೇ. ಪವಿ ಕೇಳ್ಬೇಕು.”

ಅಬ್ಬಾ, ಆ ಶನಿವಾರ! ನನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತವಳಿಗೆ ಊಟ ನೆನಪಾಗಲಿಲ್ಲ. ಗೀರು ಬಿದ್ದ ಡಿಸ್ಕುಗಳಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದು, ಒರೆಸುವುದು, ಓದಲಪ್ಪಾ ಓದು ಎಂದು ಡ್ರೈವನ್ನು ಬೇಡಿಕೊಳ್ಳುವುದು — ಓದಿತು! ಇಪ್ಪತ್ತು ವರ್ಷ ಸತ್ತುಬಿದ್ದಿದ್ದ ಆಟಗಳು ಒಂದೊಂದಾಗಿ ಕಣ್ಣುಬಿಡುತ್ತಿದ್ದರೆ ನನಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ನಿನ್ನ ರೇಸ್ ಡಿಸ್ಕು ಹಾಕಿದೆ. ಹಾಡಿನ ಪ್ಲೇಯರ್ ತಾನಾಗಿಯೇ ತೆರೆದುಕೊಂಡು, ಸ್ಪೀಕರಿನಿಂದ —

“ಬಂತು ಬಂತು ಬಂತೂ... ಕಾಡುಗೋಡಿ ಗಾಡಿ! ಸೈಡ್ ಬಿಡ್ರೋ, ಇವ್ನಿಗೆ ಬ್ರೇಕೇ ಇಲ್ಲ ಕಣ್ರೋ!”

ನೀನು! ಆಧಾರ್ ಕಾಪಿ ತೆಗೆಸಲು ಬಂದಿದ್ದ ಗಿರಾಕಿ ಬೆಚ್ಚಿಬಿದ್ದ. ನಾನು ಚಪ್ಪಾಳೆ ತಟ್ಟಿ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಆಮೇಲೆ ನಿಧಾನವಾಗಿ ಕೇಳಿದರಾಯಿತು ಎಂದು ಪ್ಲೇಯರ್ ಮುಚ್ಚಿಬಿಟ್ಟೆ. ಆ ಆಮೇಲೆ —

ಉಳಿದ ಆಟಗಳು ಒಂದೇ ಫೈಲಾಗಿ ಇಳಿದಿದ್ದವು. ಇದು ಸಾಲುಸಾಲಾಗಿ ಇಳಿಯಿತು: ಮೊದಲನೆಯದು ಆಟ, ಆಮೇಲಿನವೆಲ್ಲ ನಿನ್ನ ಕಾಮೆಂಟರಿಯ ತುಂಡುಗಳು. ಎಲ್ಲವನ್ನೂ ಸೇರಿಸಿಯೇ ಬದಲಾಯಿಸಬೇಕಿತ್ತು. ನಾನು ಮೊದಲನೆಯದನ್ನು ಮಾತ್ರ ಹಾಕಿದೆ. ಮೆಷೀನಿನಲ್ಲಿ ಆಟ ತೆರೆಯಿತು, ರೇಸಿಗೆ ಮುಂಚಿನ ದೃಶ್ಯದಲ್ಲೇ ಎಂಜಿನ್ ಗುರ್ ಎಂದಿತು, ಟೈರು ಕಿರ್ ಎಂದಿತು. ಶಬ್ದ ಬಂತಲ್ಲ, ಎಲ್ಲವೂ ಬಂತು ಎಂದುಕೊಂಡೆ. ಒಂದು ರೇಸು ಶುರು ಮಾಡಿ ನೋಡುವಷ್ಟು ತಾಳ್ಮೆ ಈ ಜನ್ಮಕ್ಕೆ ಎಲ್ಲಿಂದ ಬರಬೇಕು? ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ, ಮುಂದಿನ ಡಿಸ್ಕು ಕಾಯುತ್ತಿತ್ತು. ಉಳಿದ ಫೈಲುಗಳನ್ನೆಲ್ಲ ಅಳಿಸಿಹಾಕಿದೆ.

ನಿಮ್ಮ ಮೇಲಿನ ಅಂತಸ್ತಿನ ನಮ್ಮ ಮನೆಗೆ ಹೋದರೆ ಅಮ್ಮ, “ಈ ಪಾರಿವಾಳದ ಕಾಟ ಸಾಕಾಗೋಯ್ತು ಕಣೇ ಸುಮಿ, ನಿನ್ ಹೊಳೆಯೋ ತಟ್ಟೆ ಒಂದೆರಡು ಕೊಡೇ, ಮಾಡಿ ಮೇಲೆ ಕಟ್ತೀನಿ,” ಎಂದಳು. ಹೊಳಪಿಗೆ ಹಕ್ಕಿಗಳು ಹೆದರುತ್ತವೆಂದು ಎಲ್ಲರ ಮನೆ ಮೇಲೂ ಕಟ್ಟುತ್ತಾರಲ್ಲ. “ಎಲ್ಲಾ ಇದ್ರೊಳಗೆ ಬಂತಮ್ಮ, ತಗೋ!” ಎಂದು ಮೆಷೀನ್ ಎತ್ತಿ ತೋರಿಸಿ, ಕೈಗೆ ಸಿಕ್ಕ ಎರಡು ಡಿಸ್ಕು ಕೊಟ್ಟೆ. ಯಾವುವೆಂದು ತಿರುಗಿಸಿಯೂ ನೋಡಲಿಲ್ಲ.

ನಿಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಉಡುಗೊರೆಯಾಗಿ ಕೊಡಬೇಕೆಂದು ಆ ಮಳೆಗಾಲವೆಲ್ಲ ಗುಟ್ಟು ಕಾಪಾಡಿದೆ. ಆ ದಿನ ಅತ್ತಿಗೆ ಹೊಸ ಸೀರೆ ಉಟ್ಟಿದ್ದರು. ನೀನು ರೇಸು ಶುರು ಮಾಡಿ ಮೆಷೀನನ್ನು ಅವರ ಕೈಗಿಟ್ಟೆ. ಎಂಜಿನ್ ಗುರ್ ಎಂದಿತು. ಕಾರು ಓಡಿತು. ಮತ್ತೇನೂ ಇಲ್ಲ. ಅತ್ತಿಗೆ ಮೆಷೀನನ್ನು ಕಿವಿಗೆ ಒತ್ತಿಕೊಂಡು ಅಂದರು, “ಸುಮಿ, ಸೌಂಡ್ ಜಾಸ್ತಿ ಮಾಡಮ್ಮ. ಇವ್ರ ದನಿ ನಂಗೆ ಕೇಳಿಸ್ತಿಲ್ಲ.”

ನನಗೆ ತಕ್ಷಣ ಗೊತ್ತಾಯಿತು ಅಣ್ಣ. ಅಳಿಸಿದ ಫೈಲುಗಳು ಕಣ್ಣಮುಂದೆ ಬಂದವು. ನೀನು ನನ್ನ ಮುಖ ನೋಡುತ್ತಿದ್ದೆ — ಆಗ ಬಾಯಿಗೆ ಬಂದದ್ದು ಇಷ್ಟು: “ಆ ಡಿಸ್ಕು ನೀನು ಕೊಟ್ಟ ಚೀಲದಲ್ಲಿ ಇರ್ಲೇ ಇಲ್ಲಣ್ಣ. ಈ ರೇಸು ನಾನು ಬೇರೆ ಕಡೆಯಿಂದ ತಂದು ಹಾಕಿದ್ದು.”

ಅಮ್ಮ ಡಿಸ್ಕು ಕಟ್ಟಿದ್ದ ಮಾಡಿಗೆ ಓಡಿದೆ. ದಾರದಲ್ಲಿ ತಿರುಗುತ್ತಿದ್ದದ್ದು ಅದೇ ಡಿಸ್ಕು, ಮೇಲೆ ನಿನ್ನ ಕೈಬರಹದ ಗುರುತು ಇನ್ನೂ ಇತ್ತು. ಬಿಸಿಲು ಮಳೆಗೆ ಹೊಳಪಿನ ಪದರವೆಲ್ಲ ಸಿಪ್ಪೆಯ ಹಾಗೆ ಎದ್ದುಹೋಗಿತ್ತು. ಬಿಚ್ಚಿ ತಂದು ಎಷ್ಟು ಒರೆಸಿ ಹಾಕಿದರೂ ಡ್ರೈವು ಅದನ್ನು ಗುರುತಿಸಲೇ ಇಲ್ಲ. ಆಗಲಾದರೂ ಇಳಿದು ಬಂದು ಹೇಳಬಹುದಿತ್ತು. ಹೇಳಲಿಲ್ಲ. ಹೆದರಿದೆ, ಅಷ್ಟೇ.

ಅಂದಿನಿಂದ ನೀನು ಹುಡುಕುತ್ತಲೇ ಇದ್ದೀಯ. ಅಟ್ಟ ಇಳಿಸಿದೆ, ಟ್ರಂಕು ಬುಡಮೇಲು ಮಾಡಿದೆ. ನಾನೂ ಏಣಿ ಹಿಡಿದು ನಿಂತೆ — ಇಲ್ಲದ್ದನ್ನು ನಿನ್ನ ಜೊತೆ ಹುಡುಕುವ ನಾಟಕವನ್ನೂ ಆಡಿದೆ. ಕೊನೆಗೆ ನಿನಗೆ ಬಸವರಾಜನ ಮೇಲೆ ಅನುಮಾನ ಬಂತು. ಆಗ ದಿನಾ ಅಂಗಡಿಗೆ ಬರುತ್ತಿದ್ದವನು, ಈಗ ಚಿಕ್ಕಬಾಣಾವರದಲ್ಲಿ ಇರುವವನು. ನಿನ್ನೆ ನೀನು ಕಳಿಸಿದ ಮೆಸೇಜು: “ಅವನೇ ಕದ್ದಿರೋದು. ನಾಳೆ ಹೋಗಿ ಮುಖಕ್ಕೇ ಕೇಳ್ತೀನಿ.” ಆ ಮನುಷ್ಯ ನಿನ್ನ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದವನು ಅಣ್ಣ. ನನ್ನಿಂದಾಗಿ ಅವನು ಕಳ್ಳನಾಗುತ್ತಿದ್ದಾನೆ.

ಇಲ್ಲ, ನೀವಿಬ್ಬರೂ ಅವನ ಮನೆಗೆ ಹೊರಡಬೇಡಿ. ಇಷ್ಟನ್ನೂ ಬರೆದದ್ದು ಒಂದು ಮಾತೂ ಬಿಟ್ಟುಹೋಗದಿರಲಿ ಎಂದು. ಮೊಬೈಲಿಗೆ ಕಳಿಸಿ ಬಚ್ಚಿಟ್ಟುಕೊಳ್ಳುವುದಿಲ್ಲ. ಅತ್ತಿಗೆ ಗೇಟಿನ ಹತ್ತಿರ ನಿನ್ನನ್ನು ಕರೆಯುವುದು ಕೇಳುತ್ತಿದೆ. ಈಗಲೇ ಇಳಿದು ಬರುತ್ತೇನೆ, ನಿಮ್ಮಿಬ್ಬರ ಮುಂದೆ ನಿಂತು ಓದುತ್ತೇನೆ. ನಿನಗೆ ನನ್ನನ್ನು ಬೈದು ಬೀದಿಗೆ ಕೇಳುವ ಹಾಗೆ ಕೂಗಬೇಕೆನಿಸುತ್ತದೆ, ಆಗುವುದಿಲ್ಲ. ನಿನ್ನ ತುಟಿ ನೋಡಿ ನೋಡಿ ಆ ಒಂದೊಂದು ಬೈಗುಳವನ್ನೂ ಅತ್ತಿಗೆಯೇ ನನಗೆ ಹೇಳಬೇಕಾಗುತ್ತದೆ. ಹೇಳಲಿ. ಪೂರ್ತಿ ಮುಗಿಯುವವರೆಗೆ ನಿಂತು ಕೇಳುತ್ತೇನೆ.